ಎಫ್‌ಸಿಯು ಕೈಕೊಟ್ಟಾಗ ಮೊದಲು ಥರ್ಮಾಮೀಟರ್ ಹಿಡಿಯಿರಿ

“ಅಣ್ಣ, ಏಳನೇ ಫ್ಲೋರ್‌ನ ಮೂಲೆ ರೂಮು ತಣ್ಣಗಾಗ್ತಾನೇ ಇಲ್ಲ. ಗೆಸ್ಟ್ ಎರಡು ಸಲ ಫೋನ್ ಮಾಡಿದ್ರು.”

ಬೆಂಗಳೂರಿನ ಒಂದು ಹೋಟೆಲ್‌ನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದಾಗ ಬಂದ ದೂರು ಇದು. ಅಲ್ಲಿ ರೂಮು ತಂಪು ಮಾಡುವುದು ಎಫ್‌ಸಿಯು, ಅಂದರೆ ಫ್ಯಾನ್ ಕಾಯಿಲ್ ಯೂನಿಟ್: ಚಿಲ್ಲರ್ ಅನ್ನುವ ದೊಡ್ಡ ಯಂತ್ರ ಕಳಿಸುವ ತಣ್ಣೀರು ಕಾಯಿಲ್‌ನಲ್ಲಿ ಹರಿಯುತ್ತದೆ, ಬ್ಲೋವರ್ ಅನ್ನುವ ಫ್ಯಾನ್ ಅದರ ಮೂಲಕ ಗಾಳಿ ಹಾಯಿಸುತ್ತದೆ. ಮಾರ್ಚ್ ತಿಂಗಳು, ಬಿಸಿಲು ಏರುತ್ತಿತ್ತು. ನಮ್ಮ ಹುಡುಗರು ಮೊದಲ ದಿನ ಥರ್ಮೋಸ್ಟಾಟ್ ಬದಲಾಯಿಸಿದರು. ಸರಿ ಹೋಗಲಿಲ್ಲ. ಎರಡನೇ ದಿನ ನೀರಿನ ವಾಲ್ವ್ ತೆರೆದು ಮುಚ್ಚುವ ಆಕ್ಚುಯೇಟರ್ ಬದಲಾಯಿಸಿದರು. ಆಗಲೂ ಇಲ್ಲ. ಮೂರನೇ ದಿನ, ಚಿಲ್ಲರ್‌ನ ಸೆಟ್‌ಪಾಯಿಂಟ್ ಒಂದು ಡಿಗ್ರಿ ಇಳಿಸಿ ಅಂತ ಪ್ಲಾಂಟ್ ರೂಮಿಗೆ ಕೇಳಿಕೊಂಡರು. ಒಂದು ರೂಮಿಗೋಸ್ಕರ ಇಡೀ ಕಟ್ಟಡದ ಕರೆಂಟ್ ಬಿಲ್ ಏರಿಸುವ ಕೆಲಸ ಅದು. ಆಗ ನಾನು ಏಣಿ ತರಿಸಿ ಮೇಲೆ ಹತ್ತಿದೆ.

ಕಾಯಿಲ್‌ಗೆ ಬರುವ ನೀರು 7.5 ಡಿಗ್ರಿ ಇತ್ತು, ಹೋಗುವ ನೀರು 8.5. ಗ್ರಿಲ್‌ನಿಂದ ಹೊರಬರುವ ಗಾಳಿ 11 ಡಿಗ್ರಿ. ನೀರೂ ಸರಿಯಾಗಿದೆ, ಗಾಳಿಯೂ ತಣ್ಣಗಿದೆ. ಆದರೆ ಗ್ರಿಲ್‌ಗೆ ಹಿಡಿದ ಟಿಶ್ಯೂ ಪೇಪರ್ ಅಲುಗಾಡಲೇ ಇಲ್ಲ. ಹಿಂದಿನ ವಾರ ಆ ಯೂನಿಟ್‌ನ ಮೋಟಾರ್ ರೀವೈಂಡಿಂಗ್‌ಗೆ ಹೋಗಿ ಬಂದಿತ್ತು. ವಾಪಸ್ ಕೂರಿಸುವಾಗ ವೈರ್ ಅದಲುಬದಲಾಗಿ ಬ್ಲೋವರ್ ಉಲ್ಟಾ ತಿರುಗುತ್ತಿತ್ತು. ಈ ಬಗೆಯ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಮುಂದಕ್ಕೇ ಬರುತ್ತದೆ, ಆದರೆ ತುಂಬಾ ಕಡಿಮೆ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡು ವೈರ್ ಅದಲುಬದಲು ಮಾಡಿದೆವು, ಅರ್ಧ ಗಂಟೆಯಲ್ಲಿ ರೂಮು ತಣ್ಣಗಾಯಿತು.

ಅವತ್ತಿನಿಂದ ನಮ್ಮ ತಂಡದಲ್ಲಿ ಒಂದು ಕಟ್ಟಳೆ ಮಾಡಿದೆ. ನಾಲ್ಕು ಉಷ್ಣತೆ ಬರೆದುಕೊಳ್ಳದೆ ಯಾರೂ ಒಂದು ಬಿಡಿಭಾಗವನ್ನೂ ಬಿಚ್ಚಬಾರದು. ಈ ಬರಹವೂ ಅದೇ ದಾರಿಯಲ್ಲಿ ನಡೆಯುತ್ತದೆ.

ಯೂನಿಟ್‌ನೊಳಗೆ ಏನಿದೆ

ಸ್ಪ್ಲಿಟ್ ಎಸಿ ರಿಪೇರಿಯಿಂದ ಈ ಕೆಲಸಕ್ಕೆ ಬಂದವರು ಮೊದಲು ಕೇಳುವುದೇ “ಗ್ಯಾಸ್ ಕಮ್ಮಿ ಆಗಿದೆಯಾ?” ಅಂತ. ಫ್ಯಾನ್ ಕಾಯಿಲ್ ಯೂನಿಟ್‌ನಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಒಂದು ಫಿಲ್ಟರ್, ಒಂದು ಬ್ಲೋವರ್, ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ಫಿನ್ ಕೂರಿಸಿದ ಒಂದು ಕಾಯಿಲ್, ಕೆಳಗೆ ನೀರು ಹಿಡಿಯುವ ಟ್ರೇ, ನೀರು ಬಿಡುವ ಒಂದು ವಾಲ್ವ್. ಇಷ್ಟೇ. ತಣ್ಣೀರು ಬೇರೆ ಕಡೆ ಇರುವ ಚಿಲ್ಲರ್‌ನಿಂದ ಬರುತ್ತದೆ. ಸಾಮಾನ್ಯವಾಗಿ 7 ಡಿಗ್ರಿಯಲ್ಲಿ ಬಂದು 12ರ ಆಸುಪಾಸಿನಲ್ಲಿ ವಾಪಸ್ ಹೋಗುತ್ತದೆ.

ಮೂರು ಸಂಖ್ಯೆ ತಲೆಯಲ್ಲಿರಲಿ. ಒಂದು ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್ ತಂಪು. ಅಷ್ಟು ತಂಪು ಕೊಡಲು ಸರಿಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಬೇಕು, ನಿಮಿಷಕ್ಕೆ ಸುಮಾರು 10 ಲೀಟರ್ ನೀರು ಬೇಕು. ತಣ್ಣಗಾಗುತ್ತಿಲ್ಲ ಅಂದರೆ ಒಂದೋ ಗಾಳಿ ಕಡಿಮೆ, ಇಲ್ಲವೋ ನೀರು ಕಡಿಮೆ, ಇಲ್ಲವೋ ಬರುವ ನೀರೇ ತಣ್ಣಗಿಲ್ಲ. ಇವೆಲ್ಲ ಸರಿಯಿದ್ದರೆ ತೊಂದರೆ ಯೂನಿಟ್‌ನದಲ್ಲ, ರೂಮಿನದು.

ಫಾಲ್ಸ್ ಸೀಲಿಂಗ್‌ನ ಟ್ರ್ಯಾಪ್ ಡೋರ್ ತೆರೆಯುವ ಮುಂಚೆ ಒಂದು ಮಾತು. ಅಳೆಯುವಾಗ ಯೂನಿಟ್ ಓಡುತ್ತಿರಬೇಕು, ಸರಿ. ಆದರೆ ಕೈ ಒಳಗೆ ಹಾಕುವ ಮೊದಲು ಎಂಸಿಬಿ ಇಳಿಸಿ, ಬೋರ್ಡ್‌ಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ. ಥರ್ಮೋಸ್ಟಾಟ್ ಆಫ್ ಮಾಡಿದರೆ ಸಾಲದು, ಆಗಲೂ ಒಳಗೆ 230 ವೋಲ್ಟ್ ಇರುತ್ತದೆ. ಫಿನ್‌ಗಳು ಬ್ಲೇಡಿನಷ್ಟು ಹರಿತ, ಗ್ಲೌಸ್ ಹಾಕಿಕೊಳ್ಳಿ. ಧೂಳು ಜಾಸ್ತಿ, ಮಾಸ್ಕ್ ಬಿಡಬೇಡಿ.

ನಾಲ್ಕು ಅಳತೆ

ಥರ್ಮೋಸ್ಟಾಟ್ ಅನ್ನು ಅತಿ ಕಡಿಮೆ ಉಷ್ಣತೆಗೆ ಇಟ್ಟು, ಫ್ಯಾನ್ ಹೈ ಸ್ಪೀಡ್‌ಗೆ ಹಾಕಿ. ಹದಿನೈದರಿಂದ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಈ ಕಾಯುವಿಕೆಯನ್ನು ಯಾರೂ ಇಷ್ಟಪಡುವುದಿಲ್ಲ, ಆದರೆ ಇದಿಲ್ಲದೆ ಸಿಗುವ ಅಂಕಿ ಸುಳ್ಳು ಹೇಳುತ್ತದೆ. ಆಮೇಲೆ ನಾಲ್ಕನ್ನು ಬರೆದುಕೊಳ್ಳಿ: ಕಾಯಿಲ್‌ಗೆ ಬರುವ ನೀರು, ಕಾಯಿಲ್‌ನಿಂದ ಹೋಗುವ ನೀರು, ರಿಟರ್ನ್ ಗ್ರಿಲ್‌ಗೆ ಹೋಗುವ ಗಾಳಿ, ಸಪ್ಲೈ ಗ್ರಿಲ್‌ನಿಂದ ಬರುವ ಗಾಳಿ.

ನೀರಿನ ಉಷ್ಣತೆಗೆ ಪೈಪ್‌ನಲ್ಲೇ ಟೆಸ್ಟ್ ಪ್ಲಗ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ರೋಬ್ ಅನ್ನು ಬರಿ ತಾಮ್ರಕ್ಕೆ ಒತ್ತಿ ಹಿಡಿದು, ಮೇಲೆ ಒಂದು ತುಂಡು ಇನ್ಸುಲೇಷನ್ ಸುತ್ತಿ. ಈಗ ಎಲ್ಲರ ಕೈಯಲ್ಲೂ ಇನ್‌ಫ್ರಾರೆಡ್ ಗನ್ ಇದೆ. ಹೊಳೆಯುವ ತಾಮ್ರದ ಮೇಲೆ ಅದನ್ನು ನಂಬಬೇಡಿ. ಹೊಳಪಿನ ಲೋಹ ಅಕ್ಕಪಕ್ಕದ ಶಾಖವನ್ನು ಕನ್ನಡಿಯಂತೆ ತೋರಿಸುತ್ತದೆ, ಅಂಕಿ ತಪ್ಪಾಗುತ್ತದೆ. ಪೈಪ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಎರಡು ನಿಮಿಷ ಬಿಟ್ಟು, ಟೇಪ್ ಮೇಲೆ ಗುರಿ ಇಟ್ಟರೆ ಅಂಕಿ ಸರಿಯಾಗಿ ಸಿಗುತ್ತದೆ.

ಈಗ ಅಂಕಿಗಳನ್ನು ಓದೋಣ.

ನೀರು 7 ಬಂದು 12 ಹೋಗುತ್ತಿದೆ, ಗಾಳಿ 24ರಲ್ಲಿ ಒಳಗೆ ಹೋಗಿ 13ರ ಹತ್ತಿರ ಹೊರಗೆ ಬರುತ್ತಿದೆ, ಗ್ರಿಲ್‌ನಲ್ಲಿ ಗಾಳಿಯ ಜೋರೂ ಇದೆ ಅಂದುಕೊಳ್ಳಿ. ಯೂನಿಟ್ ಆರೋಗ್ಯವಾಗಿದೆ. ಆದರೂ ರೂಮು ಬಿಸಿಯಾಗಿದ್ದರೆ ಪರದೆ ತೆರೆದ ಪಶ್ಚಿಮದ ಕಿಟಕಿ, ಮುಚ್ಚದ ಬಾಲ್ಕನಿ ಬಾಗಿಲು, ಹೊಸದಾಗಿ ಬಂದ ಕಂಪ್ಯೂಟರ್‌ಗಳು, ಬಿಸಿಲು ಬೀಳುವ ಗೋಡೆಗೆ ಹಾಕಿದ ಥರ್ಮೋಸ್ಟಾಟ್, ಇವುಗಳಲ್ಲಿ ಒಂದು ಸಿಗುತ್ತದೆ. ಗ್ರಿಲ್‌ನಿಂದ ಬಂದ ತಣ್ಣನೆ ಗಾಳಿ ರೂಮು ಸುತ್ತದೆ ಸೀದಾ ರಿಟರ್ನ್ ಗ್ರಿಲ್‌ಗೆ ನುಗ್ಗುವುದೂ ಉಂಟು. ಆಗ ರಿಟರ್ನ್ ಗಾಳಿ ರೂಮಿನ ನಡುವಿನ ಗಾಳಿಗಿಂತ ತಣ್ಣಗಿರುತ್ತದೆ, ಅದೇ ಗುರುತು.

ನೀರು 7 ಬಂದು 8 ಹೋಗುತ್ತಿದೆ, ಬರುವ ಗಾಳಿ ತುಂಬಾ ತಣ್ಣಗಿದೆ ಆದರೆ ಜೋರಿಲ್ಲ. ಇದು ಗಾಳಿಯ ತೊಂದರೆ. ನಮ್ಮ ಏಳನೇ ಫ್ಲೋರ್‌ನ ಕಥೆ ಇದೇ.

ನೀರು 7 ಬಂದು 17 ಹೋಗುತ್ತಿದೆ. ಇದು ನೀರಿನ ತೊಂದರೆ. ಸ್ವಲ್ಪವೇ ನೀರು ನಿಧಾನವಾಗಿ ಕಾಯಿಲ್ ದಾಟುತ್ತಿದೆ, ಅದಕ್ಕೇ ಅಷ್ಟು ಬಿಸಿಯಾಗಿ ಹೋಗುತ್ತಿದೆ.

ಎರಡೂ ಪೈಪ್ ರೂಮಿನಷ್ಟೇ ಬೆಚ್ಚಗಿವೆ. ನೀರು ಹರಿಯುತ್ತಲೇ ಇಲ್ಲ.

ಬರುವ ನೀರೇ 12 ಅಥವಾ 13 ಇದೆ. ಯೂನಿಟ್ ಮುಟ್ಟಬೇಡಿ. ಪಕ್ಕದ ರೂಮಿನದ್ದೂ ಅಳೆಯಿರಿ. ಅಲ್ಲೂ ಅಷ್ಟೇ ಇದ್ದರೆ ಪ್ಲಾಂಟ್ ರೂಮಿಗೆ ಫೋನ್ ಮಾಡಿ.

ಇನ್ನೊಂದು ಅಪರೂಪದ ಪರಿಸ್ಥಿತಿ ಇದೆ. ಗಾಳಿಯ ಜೋರು ಚೆನ್ನಾಗಿದೆ, ನೀರಿನ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ, ಗಾಳಿಯೂ ತಣ್ಣಗಾಗುತ್ತಿಲ್ಲ. ಗಾಳಿ ಕಾಯಿಲ್ ದಾಟದೆ ಪಕ್ಕದ ಸಂದಿಯಿಂದ ನುಸುಳುತ್ತಿರಬಹುದು, ಅಥವಾ ಕೊಳವೆಯ ಒಳಗೋಡೆಗೆ ಕೊಳೆ ಕಟ್ಟಿರಬಹುದು. ಮೊದಲನೆಯದನ್ನು ಟಾರ್ಚ್ ಹಾಕಿ ನೋಡಿ. ಶೀಟ್ ಬಿಟ್ಟುಕೊಂಡ ಕಡೆ ಸ್ಪಾಂಜ್ ಟೇಪ್ ಹಾಕಿದರೆ ಮುಗಿಯಿತು.

ಗಾಳಿ ಕಡಿಮೆ ಇದ್ದರೆ

ಫಿಲ್ಟರ್‌ನಿಂದ ಶುರು ಮಾಡಿ. ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ದಾಟದಿದ್ದರೆ ಗಾಳಿಯೂ ದಾಟುವುದಿಲ್ಲ. ಫಿಲ್ಟರ್ ತೆಗೆದಿಟ್ಟು ಒಂದು ನಿಮಿಷ ಯೂನಿಟ್ ಓಡಿಸಿ. ಟಿಶ್ಯೂ ಪೇಪರ್ ಪಟಪಟ ಬಡಿದುಕೊಂಡರೆ ಕಾರಣ ಸಿಕ್ಕಿತು. ತೊಳೆಯುವಾಗ ಗಾಳಿ ಹೊರಬರುವ ಮುಖದ ಕಡೆಯಿಂದ ನೀರು ಬಿಡಿ, ಧೂಳು ಬಂದ ದಾರಿಯಲ್ಲೇ ಹೊರಗೆ ಹೋಗಲಿ. ಪೂರ್ತಿ ಒಣಗಿಸಿಯೇ ಹಾಕಿ. ಒದ್ದೆ ಫಿಲ್ಟರ್‌ಗೆ ಧೂಳು ಮೆತ್ತಿಕೊಂಡರೆ ಒಂದೇ ವಾರದಲ್ಲಿ ಕೆಸರಿನ ಪದರ ಆಗುತ್ತದೆ. ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ನೋಡಿ. “ಫಿಲ್ಟರ್ ಇಲ್ಲದಿದ್ರೆ ಗಾಳಿ ಚೆನ್ನಾಗಿ ಬರುತ್ತೆ” ಅಂತ ಅದನ್ನು ತೆಗೆದೇ ಇಟ್ಟ ಯೂನಿಟ್‌ಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಆರು ತಿಂಗಳಿಗೆ ಕಾಯಿಲ್‌ಗೆ ಕಂಬಳಿ ಹೊದಿಸಿದಂತೆ ಧೂಳು ಕೂತಿರುತ್ತದೆ. ಹತ್ತು ನಿಮಿಷದ ಕೆಲಸ ಉಳಿಸಲು ಹೋಗಿ ಅರ್ಧ ದಿನದ ಕೆಲಸ ಮಾಡಿಕೊಂಡಂತೆ.

ಫಿಲ್ಟರ್ ಸರಿಯಿದ್ದರೆ ಬ್ಲೋವರ್ ನೋಡಿ. ಅದರ ಎಲೆಗಳು ಬಟ್ಟಲಿನಂತೆ ಒಳಕ್ಕೆ ಬಾಗಿರುತ್ತವೆ. ಆ ಬಟ್ಟಲಲ್ಲಿ ಧೂಳು ತುಂಬಿ ಸಪಾಟಾದರೆ ಚಕ್ರ ಅಷ್ಟೇ ವೇಗದಲ್ಲಿ ತಿರುಗುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಚೆನ್ನಾಗಿ ಓಡುತ್ತಿದೆ ಅನಿಸುತ್ತದೆ. ಬೆರಳಿಂದ ಒಂದು ಎಲೆ ಗೀರಿ ನೋಡಿ, ಗೊತ್ತಾಗುತ್ತದೆ. ಬ್ರಷ್‌ನಿಂದ ಕೆರೆದು ವ್ಯಾಕ್ಯೂಮ್‌ನಿಂದ ಎಳೆಯಿರಿ. ಚಕ್ರಕ್ಕೆ ಸಮತೋಲನಕ್ಕಾಗಿ ಹಾಕಿದ ಸಣ್ಣ ಕ್ಲಿಪ್‌ಗಳಿರುತ್ತವೆ. ಅವನ್ನು ಕಸ ಅಂದುಕೊಂಡು ಕಿತ್ತರೆ ಆಮೇಲೆ ಯೂನಿಟ್ ಗಡಗಡ ನಡುಗುತ್ತದೆ.

ಮೋಟಾರ್ ಗುಂಯ್ ಅನ್ನುತ್ತಿದೆ ಆದರೆ ತಿರುಗುತ್ತಿಲ್ಲ, ಅಥವಾ ಬಹಳ ನಿಧಾನವಾಗಿ ತಿರುಗುತ್ತಿದೆ ಅಂದರೆ ಎರಡೇ ಅನುಮಾನ: ಬೇರಿಂಗ್ ಹಿಡಿದಿದೆ, ಇಲ್ಲವೇ ಕೆಪಾಸಿಟರ್ ಹೋಗಿದೆ. ಕರೆಂಟ್ ತೆಗೆದು ಕೈಯಿಂದ ಚಕ್ರ ತಿರುಗಿಸಿ. ಹಗುರವಾಗಿ ತಿರುಗಿ ತಾನಾಗಿ ನಿಂತರೆ ಬೇರಿಂಗ್ ಚೆನ್ನಾಗಿದೆ. ಆಗ ಕೆಪಾಸಿಟರ್ ಬಿಚ್ಚಿ, ಅದರೊಳಗೆ ಉಳಿದ ಕರೆಂಟನ್ನು ರೆಸಿಸ್ಟರ್ ಮೂಲಕ ಇಳಿಸಿ, ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ಶೇಕಡ ಹತ್ತಕ್ಕಿಂತ ಜಾಸ್ತಿ ಕಡಿಮೆ ಇದ್ದರೆ ಬದಲಾಯಿಸಿ. ದೊಡ್ಡದು ಹಾಕಿದರೆ ಜೋರಾಗಿ ತಿರುಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಮೋಟಾರ್ ಬಿಸಿಯಾಗಿ ಸುಡುತ್ತದೆ. ಬರೆದಷ್ಟೇ ಮೈಕ್ರೋಫ್ಯಾರಡ್‌ನದು ಹಾಕಬೇಕು.

ದೊಡ್ಡ ಹಾಲ್‌ಗಳಲ್ಲಿ ಒಂದೇ ಥರ್ಮೋಸ್ಟಾಟ್‌ಗೆ ಎರಡು ಮೂರು ಯೂನಿಟ್ ಕೊಟ್ಟಿರುತ್ತಾರೆ. ಮೂರು ಸ್ಪೀಡ್‌ನ ಮೋಟಾರ್‌ಗಳನ್ನು ನಡುವೆ ರಿಲೇ ಇಲ್ಲದೆ ನೇರ ಜೋಡಿಸಿದರೆ ಒಂದರ ವೈಂಡಿಂಗ್‌ನಿಂದ ಇನ್ನೊಂದಕ್ಕೆ ಕರೆಂಟ್ ಹಿಂದಿನಿಂದ ನುಗ್ಗುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಮೋಟಾರ್ ಸುಡುತ್ತಿದ್ದರೆ ಮೋಟಾರನ್ನು ಬೈಯುವ ಮುಂಚೆ ಆ ವೈರಿಂಗ್ ನೋಡಿ.

ಕೊನೆಯದು ಕಾಯಿಲ್. ಗಾಳಿ ಒಳಗೆ ನುಗ್ಗುವ ಮುಖದಲ್ಲಿ ಟಾರ್ಚ್ ಇಟ್ಟು ಇನ್ನೊಂದು ಕಡೆಯಿಂದ ನೋಡಿ, ಬೆಳಕು ಕಾಣಬೇಕು. ತೊಳೆಯುವಾಗ ಗಾಳಿ ಹೊರಬರುವ ಕಡೆಯಿಂದ ಕಡಿಮೆ ಒತ್ತಡದ ನೀರು ಹೊಡೆಯಿರಿ. ಕಾರು ತೊಳೆಯುವ ಜೆಟ್ ತಂದರೆ ಫಿನ್‌ಗಳು ಮಲಗಿಬಿಡುತ್ತವೆ, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಕಟುವಾದ ಕ್ಷಾರದ ಕ್ಲೀನರ್ ಅಲ್ಯೂಮಿನಿಯಂ ತಿನ್ನುತ್ತದೆ. ನೊರೆ ಜೋರಾಗಿ ಉಕ್ಕುವುದನ್ನು ನೋಡಿ ಕೊಳೆ ಹೋಗುತ್ತಿದೆ ಅಂತ ಖುಷಿಪಡುತ್ತೇವೆ. ಕರಗುತ್ತಿರುವುದು ಫಿನ್ ಕೂಡ. ಕಾಯಿಲ್‌ಗೆಂದೇ ಮಾಡಿದ ಸೌಮ್ಯ ಕ್ಲೀನರ್ ಸಾಕು, ಆಮೇಲೆ ಧಾರಾಳ ನೀರು ಹಾಕಿ. ಬಾಗಿದ ಫಿನ್‌ಗಳನ್ನು ಫಿನ್ ಬಾಚಣಿಗೆಯಿಂದ ನೆಟ್ಟಗೆ ಮಾಡಿ.

ನೀರು ಕಡಿಮೆ ಇದ್ದರೆ

ಪೈಪ್‌ನಲ್ಲಿ ಕಸ ಹಿಡಿಯುವ ಜಾಲರಿ, ಅಂದರೆ ಸ್ಟ್ರೈನರ್‌ನಿಂದ ಹುಡುಕಿ. ಹೊಸ ಕಟ್ಟಡಗಳಲ್ಲಿ ವೆಲ್ಡಿಂಗ್ ಕಿಟ್ಟ, ಟೆಫ್ಲಾನ್ ಟೇಪ್, ಒಮ್ಮೊಮ್ಮೆ ಚಿಂದಿ ಬಟ್ಟೆ ಕೂಡ ಸಿಕ್ಕಿದೆ. ಎರಡೂ ಕಡೆಯ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು, ಮುಚ್ಚಳ ನಿಧಾನವಾಗಿ ಬಿಚ್ಚಿ.

ಸ್ಟ್ರೈನರ್ ಖಾಲಿ ಇದ್ದರೆ ಮೋಟರೈಸ್ಡ್ ವಾಲ್ವ್. ಇಲ್ಲಿ ಅವಸರ ಬೇಡ. ಒಳಗೆ ಮೇಣವಿರುವ ಥರ್ಮಲ್ ಆಕ್ಚುಯೇಟರ್‌ಗಳು ತೆರೆಯಲು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತವೆ. ಮೂವತ್ತು ಸೆಕೆಂಡ್ ನೋಡಿ “ಸತ್ತಿದೆ” ಅಂತ ಬಿಸಾಕಿದ ಒಳ್ಳೆ ಆಕ್ಚುಯೇಟರ್‌ಗಳು ನಮ್ಮ ಸ್ಟೋರ್‌ನಲ್ಲಿ ಒಂದು ಡಬ್ಬ ತುಂಬಾ ಇದ್ದವು. ಮೊದಲು ಆಕ್ಚುಯೇಟರ್‌ಗೆ ವೋಲ್ಟೇಜ್ ಬರುತ್ತಿದೆಯಾ ನೋಡಿ. ಅದು 24 ವೋಲ್ಟ್‌ನದ್ದೋ 230ರದ್ದೋ ಅಂತ ಲೇಬಲ್ ಓದಿಯೇ ಮೀಟರ್ ಹಿಡಿಯಿರಿ. ವೋಲ್ಟೇಜ್ ಇಲ್ಲ ಅಂದರೆ ಥರ್ಮೋಸ್ಟಾಟ್, ಕೀ ಕಾರ್ಡ್ ಸ್ವಿಚ್ ಅಥವಾ ಬಾಲ್ಕನಿ ಬಾಗಿಲ ಸ್ವಿಚ್ ಕಡೆ ಹೋಗಿ. ವೋಲ್ಟೇಜ್ ಇದೆ, ಐದು ನಿಮಿಷವಾದರೂ ಪೈಪ್ ತಣ್ಣಗಾಗಿಲ್ಲ ಅಂದರೆ ಆಕ್ಚುಯೇಟರ್ ಬಿಚ್ಚಿ ವಾಲ್ವ್‌ನ ಪಿನ್ ಒತ್ತಿ ನೋಡಿ. ಪಿನ್ ಸ್ಪ್ರಿಂಗ್‌ನಂತೆ ಮೇಲೆ ಕೆಳಗೆ ಆಡಬೇಕು. ಗಟ್ಟಿ ಕೂತಿದ್ದರೆ ತಪ್ಪು ವಾಲ್ವ್‌ನದ್ದು. ಲಿವರ್ ಇರುವ ವಾಲ್ವ್ ಆದರೆ ಅದನ್ನು ಕೈಯಿಂದ ತೆರೆದು ಇಟ್ಟು ಆ ರಾತ್ರಿ ಗೆಸ್ಟ್‌ಗೆ ತಂಪು ಕೊಡಬಹುದು. ಬೆಳಿಗ್ಗೆ ಮರೆಯದೆ ವಾಪಸ್ ಹಾಕಿ.

ಮೇಲಿನ ಮಹಡಿಗಳಲ್ಲಿ, ಅದರಲ್ಲೂ ಪೈಪ್ ಕೆಲಸಕ್ಕೆ ನೀರು ಇಳಿಸಿ ಮತ್ತೆ ತುಂಬಿದ ಮೇಲೆ, ಕಾಯಿಲ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗುಳುಗುಳು ಸದ್ದು ಬರುತ್ತದೆ. ಕಾಯಿಲ್‌ನ ಮೇಲಿನ ಏರ್ ವೆಂಟ್ ಸ್ವಲ್ಪ ಸಡಿಲಿಸಿ, ಬಟ್ಟೆ ಹಿಡಿದು, ಬುಸ್ ಅನ್ನುವುದು ನಿಂತು ನೀರು ಒಂದೇ ಸಮ ಬರುವವರೆಗೆ ಕಾಯಿರಿ. ಯಾವ ಯೂನಿಟ್‌ಗೆ ಎಷ್ಟು ನೀರು ಅಂತ ಹಂಚುವ ಬ್ಯಾಲೆನ್ಸಿಂಗ್ ವಾಲ್ವ್ ಮಾತ್ರ ಕಡೆಯ ಆಯ್ಕೆ ಆಗಿರಲಿ. ಅದನ್ನು ತೆರೆದರೆ ಈ ರೂಮು ತಣ್ಣಗಾಗುತ್ತದೆ, ಅದೇ ಲೈನ್‌ನ ಕೊನೆಯ ರೂಮು ಬಿಸಿಯಾಗುತ್ತದೆ. ಮುಟ್ಟಲೇಬೇಕಾದರೆ ಎಷ್ಟು ಸುತ್ತು ಇತ್ತು ಅಂತ ಮೊದಲೇ ಬರೆದಿಡಿ.

ಸೀಲಿಂಗ್‌ನಿಂದ ನೀರು

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ ದೂರು ಇದು. ಹಾಸಿಗೆ ಮೇಲೆ ನೀರು ಬಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ನೀರು ಬರುವುದು ತಪ್ಪಲ್ಲ, ಅದನ್ನು ತಿಳಿದುಕೊಳ್ಳಬೇಕು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಮಾಡಿಕೊಟ್ಟ ವ್ಯವಸ್ಥೆಯ ಉದ್ದೇಶವೇ ಗಾಳಿಯ ತೇವ ಹಿಡಿತಕ್ಕೆ ತರುವುದಾಗಿತ್ತು. ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೂ ತಣ್ಣನೆ ಕಾಯಿಲ್‌ಗಳೇ ಉತ್ತರವಾದವು. ತೇವ ಜಾಸ್ತಿ ಇರುವ ದಿನ ಒಂದು ಟನ್‌ನ ಯೂನಿಟ್ ಗಂಟೆಗೆ ಒಂದು, ಒಂದೂವರೆ ಲೀಟರ್ ನೀರು ಹಿಂಡಿ ತೆಗೆಯುತ್ತದೆ. ಆ ನೀರು ಟ್ರೇಗೆ ಬಿದ್ದು, ಡ್ರೈನ್ ಪೈಪ್‌ನಲ್ಲಿ ಹೊರಗೆ ಹೋಗಬೇಕು. ಹೋಗದಿದ್ದಾಗ ಮಾತ್ರ ಅದು ದೋಷ.

ಹಾಗಾಗಿ ಮೊದಲ ಪ್ರಶ್ನೆ: ಇದು ಗಾಳಿಯಿಂದ ಬಂದ ನೀರೋ, ಪೈಪ್‌ನೊಳಗಿನ ನೀರೋ? ಮನೆಯ ವಾಟರ್ ಫಿಲ್ಟರ್ ರಿಪೇರಿಯವರ ಹತ್ತಿರ ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಇರುತ್ತದಲ್ವಾ, ಅದನ್ನು ಒಂದು ಇಟ್ಟುಕೊಳ್ಳಿ. ಹನಿಯುವ ನೀರನ್ನು ತೊಳೆದ ಲೋಟದಲ್ಲಿ ಹಿಡಿದು ಅದ್ದಿ. ಗಾಳಿಯಿಂದ ಇಳಿದ ನೀರು ಮಳೆನೀರಿನ ಹಾಗೆ, ಟಿಡಿಎಸ್ ಬಹಳ ಕಡಿಮೆ. ಚಿಲ್ಡ್ ವಾಟರ್ ಲೈನ್‌ನಲ್ಲಿ ಕರಗಿದ ಲವಣವೂ ತುಕ್ಕು ತಡೆಯುವ ಕೆಮಿಕಲ್ಲೂ ಇರುವುದರಿಂದ ಅಂಕಿ ನೂರುಗಳಲ್ಲಿರುತ್ತದೆ. ಹೋಲಿಕೆಗೆ ಏರ್ ವೆಂಟ್‌ನಿಂದ ಲೈನಿನ ನೀರನ್ನೂ ಒಂದಿಷ್ಟು ಹಿಡಿದು ನೋಡಿ. ಕೊಳಕು ಟ್ರೇಯಿಂದ ಬಂದ ನೀರಿನಲ್ಲಿ ಅಂಕಿ ಸ್ವಲ್ಪ ಏರುತ್ತದೆ, ಆದರೂ ಎರಡರ ನಡುವಿನ ಅಂತರ ಕಾಣುತ್ತದೆ. ಪೆನ್ ಇಲ್ಲದಿದ್ದರೆ ವಾಲ್ವ್ ಮುಚ್ಚಿ ಎರಡು ಗಂಟೆ ಬಿಡಿ. ಹನಿ ನಿಂತರೆ ಗಾಳಿಯ ನೀರು ಇರಬಹುದು. ನಿಲ್ಲದೆ ಅದೇ ಲಯದಲ್ಲಿ ಬೀಳುತ್ತಿದ್ದರೆ ಪೈಪ್ ಸೋರುತ್ತಿದೆ.

ಗಾಳಿಯ ನೀರೇ ಆದರೆ, ಯಾವಾಗ ಬೀಳುತ್ತದೆ ಅಂತ ಕೇಳಿ. ರೂಮ್ ಬಾಯ್‌ಗೆ, ಗೆಸ್ಟ್‌ಗೆ, ಇಬ್ಬರಿಗೂ ಕೇಳಿ. ಉತ್ತರದಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

“ಯಾವಾಗಲೂ ಬೀಳುತ್ತೆ, ದಿನೇ ದಿನೇ ಜಾಸ್ತಿ ಆಗ್ತಿದೆ” ಅಂದರೆ ಡ್ರೈನ್ ಕಟ್ಟಿಕೊಂಡಿದೆ. ಒಂದು ಲೀಟರ್ ಬಾಟಲಿ ನೀರನ್ನು ಟ್ರೇಗೆ ಸುರಿದು ನೋಡಿ. ಸರಾಗವಾಗಿ ಇಳಿಯಬೇಕು. ನಿಂತರೆ, ಪೈಪ್‌ನ ಕೊನೆಯ ತುದಿಯಿಂದ ವೆಟ್ ವ್ಯಾಕ್ಯೂಮ್ ಹಾಕಿ ಎಳೆಯಿರಿ. ಲೋಳೆ ಉದ್ದನೆಯ ಬಾಲದಂತೆ ಹೊರಗೆ ಬರುತ್ತದೆ. ಯೂನಿಟ್ ಕಡೆಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಆ ಗಲೀಜೆಲ್ಲ ಟ್ರೇಗೆ, ಅಲ್ಲಿಂದ ರೂಮಿಗೆ ಬರುತ್ತದೆ, ಅಂಟಿಸಿದ ಜಾಯಿಂಟ್‌ಗಳೂ ಬಿಟ್ಟುಕೊಳ್ಳುತ್ತವೆ. ಪೈಪ್ ಸ್ವಚ್ಛವಾಗಿದ್ದೂ ನೀರು ನಿಲ್ಲುತ್ತಿದ್ದರೆ ಇಳಿಜಾರು ಅಳೆಯಿರಿ. ಒಂದು ಮೀಟರ್‌ಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಯಬೇಕು. ಕೇಬಲ್ ಎಳೆಯುವವರು, ಸ್ಪ್ರಿಂಕ್ಲರ್ ಹಾಕುವವರು ಪೈಪ್ ಮೇಲೆ ಕಾಲಿಟ್ಟು ಹೊಟ್ಟೆ ಬೀಳಿಸಿರುತ್ತಾರೆ. ಯೂನಿಟ್ ನೇತುಹಾಕಿದ ರಾಡ್‌ನ ನಟ್ ಸಡಿಲವಾಗಿ ಟ್ರೇ ಉಲ್ಟಾ ದಿಕ್ಕಿಗೆ ವಾಲಿರುವುದೂ ಉಂಟು. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

“ಆಫ್ ಮಾಡಿದ ತಕ್ಷಣ ಸುರಿಯುತ್ತೆ” ಅಂದರೆ ಕಥೆ ಬೇರೆ. ಕೆಲವು ಯೂನಿಟ್‌ಗಳಲ್ಲಿ ಬ್ಲೋವರ್ ಕಾಯಿಲ್‌ನ ಆಚೆ ಇದ್ದು ಗಾಳಿಯನ್ನು ಕಾಯಿಲ್ ಮೂಲಕ ಎಳೆಯುತ್ತದೆ. ಆಗ ಟ್ರೇ ಇರುವ ಜಾಗದಲ್ಲಿ ಹೀರುವ ಒತ್ತಡ ಇರುತ್ತದೆ. ಡ್ರೈನ್‌ನಲ್ಲಿ ಯು ಟ್ರ್ಯಾಪ್ (ಸದಾ ನೀರು ನಿಂತಿರುವ ಯು ಆಕಾರದ ಬಾಗು) ಇಲ್ಲದಿದ್ದರೆ ಪೈಪ್‌ನಿಂದ ಗಾಳಿ ಮೇಲಕ್ಕೆ ನುಗ್ಗಿ ನೀರನ್ನು ಟ್ರೇನಲ್ಲೇ ತಡೆದು ನಿಲ್ಲಿಸುತ್ತದೆ. ಟ್ರೇ ಅಂಚಿನವರೆಗೆ ತುಂಬುತ್ತದೆ, ಫ್ಯಾನ್ ನಿಂತ ಕೂಡಲೇ ತುಳುಕುತ್ತದೆ. 50 ಮಿಲಿಮೀಟರ್ ಆಳದ ಟ್ರ್ಯಾಪ್ ಸಣ್ಣ ಯೂನಿಟ್‌ಗೆ ಧಾರಾಳ. 25 ಮಿಲಿಮೀಟರ್ ನೀರು ಸುಮಾರು 250 ಪಾಸ್ಕಲ್ ಒತ್ತಡ ತಡೆಯುತ್ತದೆ, ಇಂಥ ಸಣ್ಣ ಬ್ಲೋವರ್‌ಗಳ ಹೀರುವಿಕೆ ಅದಕ್ಕಿಂತ ತುಂಬಾ ಕಡಿಮೆ.

“ಹೈ ಸ್ಪೀಡ್‌ನಲ್ಲಿ ಮಾತ್ರ ತುಂತುರು” ಅಂದರೆ ಕಾಯಿಲ್‌ನ ಅರ್ಧ ಭಾಗ ಕೊಳೆಯಿಂದ ಮುಚ್ಚಿದೆ. ಉಳಿದರ್ಧದಲ್ಲಿ ಗಾಳಿ ಜೋರಾಗಿ ನುಗ್ಗಿ ಹನಿಗಳನ್ನು ಹೊತ್ತುಕೊಂಡು ಬರುತ್ತದೆ. ಕಾಯಿಲ್ ಮುಖದಲ್ಲಿ ಗಾಳಿಯ ವೇಗ ಸೆಕೆಂಡಿಗೆ ಎರಡೂವರೆ ಮೀಟರ್ ದಾಟಬಾರದು. ಕಾಯಿಲ್ ತೊಳೆದರೆ ನಿಲ್ಲುತ್ತದೆ.

ಟ್ರೇ ಒಣಗಿದೆ, ಡ್ರೈನ್ ಚೆನ್ನಾಗಿದೆ, ಆದರೂ ವಾಲ್ವ್‌ನ ಕೆಳಗೆ ತೇವ. ಇದು ಬೆವರು. 24 ಡಿಗ್ರಿ, 50 ಶೇಕಡ ತೇವ ಇರುವ ರೂಮಿನಲ್ಲಿ 13 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯೂ ಬೆವರುತ್ತದೆ. ನಮ್ಮ ಪೈಪ್ 7 ಡಿಗ್ರಿಯದು. ಇನ್ಸುಲೇಷನ್‌ನಲ್ಲಿ ಒಂದು ಬೆರಳಿನಷ್ಟು ಸಂದಿ ಇದ್ದರೂ ಸಾಕು. ಹಿಂದೆ ಯಾರೋ ಉಷ್ಣತೆ ಅಳೆಯಲು ಕತ್ತರಿಸಿ ಹಾಗೇ ಬಿಟ್ಟ ಜಾಗ, ವಾಲ್ವ್‌ನ ಕತ್ತು, ಪೈಪ್ ಕ್ಲಾಂಪ್ ಕೂತ ಜಾಗ, ಇವನ್ನು ಮೊದಲು ಮುಟ್ಟಿ ನೋಡಿ. ನೈಟ್ರೈಲ್ ರಬ್ಬರ್ ಹಾಳೆಯನ್ನು ಅಂಟು ಹಾಕಿ, ಸಂದಿ ಬಿಡದೆ ಮುಚ್ಚಬೇಕು. ಒದ್ದೆ ಪೈಪ್ ಮೇಲೆ ಅಂಟು ನಿಲ್ಲುವುದಿಲ್ಲ. ವಾಲ್ವ್ ಮುಚ್ಚಿ, ಪೈಪ್ ಒಣಗಿಸಿ, ಆಮೇಲೆ ಹಾಕಿ.

ಮಂಗಳೂರು, ಉಡುಪಿ ಕಡೆ ಕೆಲಸ ಮಾಡುವವರಿಗೆ ಮಳೆಗಾಲ ಪೂರ್ತಿ ಇದೇ ಗೋಳು. ಅಲ್ಲಿ ಹೊರಗಿನ ಗಾಳಿ 25 ಡಿಗ್ರಿ ಹತ್ತಿರವೇ ಬೆವರಲು ಶುರು ಮಾಡುತ್ತದೆ. ಬಾಲ್ಕನಿ ಬಾಗಿಲು ತೆರೆದಿಟ್ಟು ಎಸಿ ಹಾಕಿದರೆ ಗ್ರಿಲ್‌ನಿಂದಲೇ ಹನಿ ಉದುರುತ್ತದೆ, ಯೂನಿಟ್‌ನಲ್ಲಿ ಏನೂ ತಪ್ಪಿಲ್ಲದಿದ್ದರೂ. ಕೊಲ್ಲಿ ದೇಶಗಳ ಸಮುದ್ರ ತೀರದ ಊರುಗಳಲ್ಲಿ ಇರುವ ನಮ್ಮವರಿಗೂ ಇದು ಗೊತ್ತಿರುವ ವಿಷಯ. ಬಾಗಿಲ ಸ್ವಿಚ್‌ನಿಂದ ವಾಲ್ವ್ ಮುಚ್ಚಿಸುವುದೇ ಪರಿಹಾರ.

ವಾಸನೆ, ಸದ್ದು

ಒದ್ದೆ ಸಾಕ್ಸ್‌ನಂಥ ವಾಸನೆ ಬಂದರೆ ಟ್ರೇ ಮತ್ತು ಕಾಯಿಲ್‌ನ ಲೋಳೆ ಕಾರಣ. ಚರಂಡಿ ವಾಸನೆ ಬಂದರೆ ಡ್ರೈನ್ ಪೈಪ್ ನೇರ ಒಳಚರಂಡಿಗೆ ಸೇರಿದೆ ಅಥವಾ ಟ್ರ್ಯಾಪ್‌ನ ನೀರು ಒಣಗಿದೆ. ತುಂಬಾ ದಿನ ಖಾಲಿ ಬಿದ್ದ ರೂಮುಗಳಲ್ಲಿ ಎರಡನೆಯದೇ ಜಾಸ್ತಿ. ಟ್ರೇಗೆ ಒಂದು ಲೀಟರ್ ನೀರು ಹಾಕಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಲೀಚ್ ಮತ್ತು ಆಸಿಡ್ ಎರಡನ್ನೂ ಒಂದೇ ಡ್ರೈನ್‌ಗೆ ಯಾವತ್ತೂ ಸುರಿಯಬೇಡಿ. ಅವು ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಫಾಲ್ಸ್ ಸೀಲಿಂಗ್‌ನ ಇಕ್ಕಟ್ಟಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಸದ್ದಿನಲ್ಲಿ ಕಿರುಚುವುದು ಬೇರಿಂಗ್, ಟಕ್‌ಟಕ್ ಅನ್ನುವುದು ಚಕ್ರ ಕವಚಕ್ಕೆ ತಾಗುವುದು, ಗರಗರ ಅನ್ನುವುದು ಸಡಿಲ ಶೀಟ್. ಸಣ್ಣಗೆ ಶಿಳ್ಳೆ ಹೊಡೆದಂತೆ ಬಂದರೆ ಯಾವುದೋ ವಾಲ್ವ್ ಮುಕ್ಕಾಲು ಮುಚ್ಚಿದೆ. ಓಡುತ್ತಿರುವಾಗ ಕವಚದ ಮೇಲೆ ಹೊರಗಿನಿಂದ ಅಂಗೈ ಒತ್ತಿ. ಸದ್ದು ಬದಲಾದರೆ ಶೀಟ್‌ನದ್ದೇ.

ಬಿಸಿ ಬೇಕಾದಾಗ

ದೆಹಲಿಯಂಥ ಊರುಗಳಲ್ಲಿ ಅದೇ ಎರಡು ಪೈಪ್‌ಗಳಲ್ಲಿ ಬೇಸಿಗೆಗೆ ತಣ್ಣೀರು, ಚಳಿಗೆ ಬಿಸಿನೀರು ಬಿಡುತ್ತಾರೆ. ಋತು ಬದಲಾದ ಮೊದಲ ವಾರ ದೂರುಗಳ ಸುರಿಮಳೆ. ಕಾರಣ ಹೆಚ್ಚಾಗಿ ಒಂದೇ: ನೀರು ಬಿಸಿಯಾಗಿದೆ, ಥರ್ಮೋಸ್ಟಾಟ್ ಇನ್ನೂ ಕೂಲಿಂಗ್‌ನಲ್ಲಿದೆ. ರೂಮು ತಣ್ಣಗಿರುವುದನ್ನು ನೋಡಿ ಅದು ವಾಲ್ವ್ ಮುಚ್ಚಿಬಿಡುತ್ತದೆ. ನೀರು ಬಿಸಿಯೋ ತಣ್ಣಗೋ ಅಂತ ಥರ್ಮೋಸ್ಟಾಟ್‌ಗೆ ತಿಳಿಸಲು ಪೈಪ್‌ಗೆ ಕಟ್ಟಿದ ಸೆನ್ಸರ್ ಸಡಿಲವಾಗಿದ್ದರೂ ಹೀಗೇ ಆಗುತ್ತದೆ.

ತಣ್ಣೀರಿಗೂ ಬಿಸಿನೀರಿಗೂ ಬೇರೆ ಬೇರೆ ಜೋಡಿ ಇರುವ ನಾಲ್ಕು ಪೈಪ್‌ನ ಯೂನಿಟ್‌ನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಂದರೆ ಇದೆ. ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚದೆ ಸೋರುತ್ತಿದ್ದರೆ ಒಂದೇ ಡಬ್ಬದಲ್ಲಿ ಒಂದು ಕಾಯಿಲ್ ತಂಪು ಮಾಡುತ್ತದೆ, ಇನ್ನೊಂದು ಬಿಸಿ ಮಾಡುತ್ತದೆ. ಕೂಲಿಂಗ್‌ನಲ್ಲಿರುವಾಗ ಬಿಸಿ ಕಾಯಿಲ್‌ನ ಪೈಪ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದರ ಐಸೊಲೇಷನ್ ವಾಲ್ವ್ ಮುಚ್ಚಿ. ಗ್ರಿಲ್‌ನ ಗಾಳಿ ತಕ್ಷಣ ಮೂರು ನಾಲ್ಕು ಡಿಗ್ರಿ ಇಳಿದರೆ ಅನುಮಾನ ನಿಜ.

ಸೀಲಿಂಗ್‌ನಿಂದ ಬಿಸಿ ಗಾಳಿ ಬಿಡುವಾಗ ಲೋ ಸ್ಪೀಡ್ ಬೇಡ. ಬಿಸಿ ಗಾಳಿ ಹಗುರ, ಮೇಲೆಯೇ ನಿಲ್ಲುತ್ತದೆ, ಕೆಳಗೆ ಕೂತವರ ಕಾಲು ಕೊರೆಯುತ್ತಲೇ ಇರುತ್ತದೆ.

ಎಷ್ಟು ದಿನಕ್ಕೊಮ್ಮೆ

ಫಿಲ್ಟರ್ ತಿಂಗಳಿಗೊಮ್ಮೆ. ಟ್ರೇಗೆ ಬಾಟಲಿ ನೀರು ಸುರಿದು ನೋಡುವುದು ಮೂರು ತಿಂಗಳಿಗೊಮ್ಮೆ, ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ ಕಡ್ಡಾಯ. ಕಾಯಿಲ್ ಮತ್ತು ಬ್ಲೋವರ್ ಆರು ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ, ಕೊಳೆ ಇದ್ದರೆ ಮಾತ್ರ ತೊಳೆಯಿರಿ. ಸ್ಟ್ರೈನರ್, ವೈರ್ ಬಿಗಿತ, ಕೆಪಾಸಿಟರ್, ವಾಲ್ವ್ ವರ್ಷಕ್ಕೊಮ್ಮೆ.

ಯೂನಿಟ್ ಚೆನ್ನಾಗಿ ಓಡುತ್ತಿರುವ ದಿನವೇ ಆ ನಾಲ್ಕು ಉಷ್ಣತೆ ಮತ್ತು ಮೋಟಾರ್‌ನ ಆಂಪಿಯರ್ ಬರೆದು, ದಿನಾಂಕ ಹಾಕಿ, ಟ್ರ್ಯಾಪ್ ಡೋರ್‌ನ ಒಳಬದಿಗೆ ಅಂಟಿಸಿಡಿ. ಆ ಹೋಟೆಲ್‌ನಲ್ಲಿ ಪ್ರತಿ ಬಾಗಿಲಿಗೂ ಇಂಥ ಒಂದು ಚೀಟಿ ಹಾಕಿಸಿದೆವು. ಎರಡು ವರ್ಷದ ಮೇಲೆ ರಾತ್ರಿ ಪಾಳಿಯ ಹೊಸ ಹುಡುಗ ಒಬ್ಬನೇ ಏಣಿ ಹತ್ತಿ, ಹೋಗುವ ನೀರು ಚೀಟಿಯಲ್ಲಿ 12 ಇದ್ದದ್ದು ಈಗ 16 ಆಗಿದೆ ಅಂತ ನೋಡಿ, ಸೀದಾ ಸ್ಟ್ರೈನರ್ ಬಿಚ್ಚಿದ. ನನಗೆ ಫೋನ್ ಬಂದದ್ದು ಬೆಳಿಗ್ಗೆ: “ಸಾರ್, ಕೊಳೆ ತೆಗೆದೆ. 12ಕ್ಕೆ ವಾಪಸ್ ಬಂದಿದೆ. ಚೀಟಿ ಮೇಲೆ ಹೊಸ ತಾರೀಖು ಬರೆದಿದ್ದೀನಿ.”